ಪ್ರೊವಾನ್ಸಿನ ಕನಸು, ಕಳಮೇಶ್ವರದ ಹಿತ್ತಲು

ಫ್ರೆಂಚ್ ಹಳ್ಳಿಮನೆಯ ಶೈಲಿ ಎಂದು ಜಗತ್ತಿನ ಅಂಗಡಿಗಳಲ್ಲಿ ಮಾರಾಟವಾಗುವುದು ಫ್ರಾನ್ಸಿನ ಎಲ್ಲ ಹಳ್ಳಿಗಳ ಬದುಕಲ್ಲ. ಅದು ಬಹುಪಾಲು ದಕ್ಷಿಣದ ಪ್ರೊವಾನ್ಸ್ ಸೀಮೆಯ ತೋಟದ ಮನೆಯ ಚಿತ್ರ: ಸುಣ್ಣ ಬಳಿದ ದಪ್ಪ ಗೋಡೆ, ಕೆಂಪು ಹೆಂಚಿನ ಮಾಡು, ಸುಟ್ಟ ಮಣ್ಣಿನ ನೆಲ, ಮರದ ಕಿಟಕಿ ಬಾಗಿಲು, ಹೂಬಳ್ಳಿ ಅಚ್ಚೊತ್ತಿದ ಹತ್ತಿ ಬಟ್ಟೆ, ಅಡುಗೆಮನೆಗೆ ಅಂಟಿಕೊಂಡ ಕೈತೋಟ, ವಾರದ ಸಂತೆಯಿಂದ ತುಂಬಿ ಬಂದ ಬುಟ್ಟಿ, ಮರದ ನೆರಳಲ್ಲಿ ಹಾಕಿದ ಉದ್ದನೆಯ ಊಟದ ಮೇಜು. ಈ ಚಿತ್ರದ ಒಂದೊಂದು ವಸ್ತುವಿನ ಹಿಂದೆಯೂ ಒಂದು ರೂಢಿಯಿದೆ. ವಸ್ತುವನ್ನು ಕೊಂಡು ತರಬಹುದು, ರೂಢಿಯನ್ನು ಕೊಳ್ಳಲಾಗದು. ಅದಕ್ಕೇ ಲ್ಯಾವೆಂಡರ್ ಬಣ್ಣದ ಪರದೆ ತೂಗಿದ ಫ್ಲಾಟುಗಳು ಆರು ತಿಂಗಳಲ್ಲಿ ಮತ್ತೆ ಮೊದಲಿನ ಫ್ಲಾಟುಗಳೇ ಆಗಿಬಿಡುತ್ತವೆ.

ಈ ಕನಸನ್ನು ಕಟ್ಟಿದವರು ಹಳ್ಳಿಯಲ್ಲಿ ಉಳಿದವರಲ್ಲ, ಬಿಟ್ಟು ಹೋದವರು. ಎರಡನೆಯ ಮಹಾಯುದ್ಧ ಮುಗಿದಾಗ ಫ್ರಾನ್ಸಿನ ದುಡಿಯುವವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಬೇಸಾಯದಲ್ಲಿದ್ದರು. ಇಂದು ಅವರು ಶೇ. 3ಕ್ಕಿಂತ ಕಡಿಮೆ. ರೈತಕುಲವೇ ಮುಗಿಯುತ್ತಿದೆ ಎಂದು ಸಮಾಜಶಾಸ್ತ್ರಜ್ಞ ಆನ್ರಿ ಮಾಂದ್ರಾ ಪುಸ್ತಕ ಬರೆದದ್ದು 1967ರಲ್ಲಿ. ಅದೇ ವರ್ಷ ನ್ಯೂಯಾರ್ಕಿನಲ್ಲಿ ‘ಪಿಯೆರ್ ದ’ ಎಂಬ ಅಂಗಡಿ ತೆರೆದು ಪ್ರೊವಾನ್ಸಿನ ಬಟ್ಟೆ, ಪೀಠೋಪಕರಣಗಳನ್ನು ಅಮೆರಿಕದ ಸಿರಿವಂತರಿಗೆ ಮಾರತೊಡಗಿತು. ರೈತ ಹೊರಟು ಹೋಗುತ್ತಿದ್ದ ಹೊತ್ತಿಗೆ ಅವನ ಮನೆಯ ಸಾಮಾನಿಗೆ ಬೆಲೆ ಬಂತು. 1989ರಲ್ಲಿ ಬಂದ ಪೀಟರ್ ಮೇಲ್ ಅವರ ‘ಎ ಇಯರ್ ಇನ್ ಪ್ರೊವಾನ್ಸ್’ ಈ ಆಸೆಗೆ ತುಪ್ಪ ಸುರಿಯಿತು. ಇಂದು ಫ್ರಾನ್ಸಿನ ಪ್ರತಿ ಹತ್ತು ಮನೆಗಳಲ್ಲಿ ಸುಮಾರು ಒಂದು ರಜೆಗೆಂದು ಮಾತ್ರ ಬಾಗಿಲು ತೆರೆಯುವ ಎರಡನೆಯ ಮನೆ.

ನಾಗಪುರದಿಂದ ಕಾಟೋಲಿನ ದಾರಿಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರು ಹೋದರೆ ಸಿಗುವ ಕಳಮೇಶ್ವರ ಈ ಕನಸನ್ನು ಪರೀಕ್ಷಿಸಲು ತಕ್ಕ ಊರು. ಧಾರವಾಡ, ಬೆಳಗಾವಿ ಕಡೆಯವರಿಗೆ ಹೆಸರೇ ಪರಿಚಿತ ಅನ್ನಿಸೀತು. ಕಲ್ಮೇಶ್ವರನ ಗುಡಿಯಿರುವ ಹಳ್ಳಿಗಳು ಅಲ್ಲಿ ಬೇಕಾದಷ್ಟಿವೆ. ಊರಿನ ಒಂದು ಮಗ್ಗುಲಲ್ಲಿ ಕೈಗಾರಿಕಾ ವಸಾಹತು, ಇನ್ನೊಂದು ಮಗ್ಗುಲಲ್ಲಿ ಎರೆಭೂಮಿಯ ಹತ್ತಿ, ಸೋಯಾ, ತೊಗರಿ ಮತ್ತು ಕಿತ್ತಳೆ ತೋಟ. ತಾಲ್ಲೂಕಿನೊಳಗೇ ವಿದರ್ಭದ ಪಂಢರಪುರ ಎನಿಸಿಕೊಂಡ ಧಾಪೇವಾಡಾ, ಗಣಪತಿಯ ಅಡಾಸಾ. ಕಾರ್ಖಾನೆಯ ಪಾಳಿ ಮುಗಿಸಿ ತೋಟದ ಬದಿಯ ರಸ್ತೆಯಲ್ಲಿ ಮನೆಗೆ ಮರಳುವ ಕುಟುಂಬಗಳ ಊರು ಇದು. ಪ್ರೊವಾನ್ಸಿನ ಕನಸು ಕಾಣುವವರಿಗೆ ಬೇಕಾದದ್ದು, ಅಂದರೆ ಊರಿಗೂ ಹೊಲಕ್ಕೂ ನಡುವೆ ಬಾಳುವುದು, ಇಲ್ಲಿ ಆಗಲೇ ಇದೆ.

ಮೊದಲು ಬಟ್ಟೆಯ ಕತೆ. ಹಳದಿ ಅಥವಾ ನೀಲಿ ನೆಲದ ಮೇಲೆ ಸಣ್ಣ ಹೂ, ಮಾವಿನಕಾಯಿ ಬುಟ್ಟಾ, ಬಳ್ಳಿಯಂಚು ಇರುವ ಮೇಜುಹಾಸು ಫ್ರೆಂಚ್ ಹಳ್ಳಿಮನೆಯ ಗುರುತು. ಪ್ರೊವಾನ್ಸಿನವರು ಅದನ್ನು ಕರೆಯುವುದೇ ‘ಆಂದಿಯೆನ್’ ಎಂದು, ಅಂದರೆ ‘ಭಾರತದ್ದು’. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲ ತೀರದಿಂದ ಮಾರ್ಸೇ ಬಂದರಿಗೆ ಹೋದ ಬಣ್ಣದ ಹತ್ತಿ ಬಟ್ಟೆ ಅಲ್ಲಿ ಹುಚ್ಚು ಹಿಡಿಸಿತು. ಒಗೆದರೂ ಬಣ್ಣ ಹೋಗದ ಇಂಥ ಚಿತ್ತಾರದ ಹತ್ತಿ ಬಟ್ಟೆಯನ್ನು ತಯಾರಿಸುವುದು ಯುರೋಪಿಗೆ ಆಗ ಗೊತ್ತಿರಲಿಲ್ಲ. ರೇಷ್ಮೆ, ಉಣ್ಣೆ ನೇಯುವವರು ದೂರು ಕೊಟ್ಟರು. 1686ರಲ್ಲಿ ಫ್ರಾನ್ಸಿನ ದೊರೆ ಈ ಬಟ್ಟೆಯ ಆಮದನ್ನೂ ಅದನ್ನು ಅನುಕರಿಸಿ ಅಚ್ಚೊತ್ತುವುದನ್ನೂ ನಿಷೇಧಿಸಿದ. ನಿಷೇಧ ಎಪ್ಪತ್ತಕ್ಕೂ ಹೆಚ್ಚು ವರ್ಷ, 1759ರವರೆಗೆ, ಕಾಗದದ ಮೇಲೆ ಇತ್ತು. ಕಳ್ಳಸಾಗಣೆ ನಿಲ್ಲಲಿಲ್ಲ, ಉಟ್ಟವರು ಬಿಡಲಿಲ್ಲ.

ಬಣ್ಣ ನಿಲ್ಲುವ ಗುಟ್ಟು ಪಟಿಕದಲ್ಲಿತ್ತು. ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಿ ಒಣಗಿಸಿದರೆ ಮೇಲೆ ಬರೆದ ದ್ರಾವಣ ಹರಡುವುದಿಲ್ಲ. ಕೆಂಪು ಬೇಕಾದ ಕಡೆ ಪಟಿಕದ ನೀರಿನಲ್ಲಿ, ಕಪ್ಪು ಬೇಕಾದ ಕಡೆ ಕಬ್ಬಿಣದ ನೀರಿನಲ್ಲಿ ಬರೆದು, ಚಾಯ್ ಬೇರಿನ ಕಷಾಯದಲ್ಲಿ ಕುದಿಸಿದರೆ ಬೇರಿನ ಬಣ್ಣ ಆ ಗೆರೆಗಳನ್ನು ಮಾತ್ರ ಕಚ್ಚಿಕೊಳ್ಳುತ್ತದೆ. ನೀಲಿಗೆ ಬೇರೆ ಹಾದಿ: ಉಳಿದ ಜಾಗಕ್ಕೆ ಮೇಣ ಬಳಿದು ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಅದ್ದುವುದು. ಇದನ್ನೆಲ್ಲ ಕುಶಲಿಗಳಿಂದ ಕೇಳಿ ತಿಳಿದು 1742ರಲ್ಲಿ ವಿವರವಾಗಿ ಪತ್ರ ಬರೆದು ಫ್ರಾನ್ಸಿಗೆ ಕಳಿಸಿದವನು ಕರ್ನಾಟಿಕ್ ಮಿಷನ್ನಿನ ಜೆಸ್ವಿಟ್ ಪಾದ್ರಿ ಕರ್ದೂ. ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ನಂಟಿದೆಯೆಂದು ಬಲು ಮೊದಲೇ ಗುರುತಿಸಿದ ಪಂಡಿತನೂ ಅವನೇ. ಒಂದು ನಾಡಿನ ಕಸುಬಿನ ಗುಟ್ಟು ಹೀಗೆ ಅಂಚೆಯಲ್ಲಿ ಹೋದದ್ದನ್ನು ವಿದ್ವತ್ತು ಎನ್ನಬೇಕೋ ಬೇಹುಗಾರಿಕೆ ಎನ್ನಬೇಕೋ, ಓದುಗರೇ ತೀರ್ಮಾನಿಸಬಹುದು. ನಿಷೇಧ ತೆಗೆದ ಮರುವರ್ಷವೇ ಪ್ಯಾರಿಸ್ ಬಳಿಯ ಜೂಯಿಯಲ್ಲಿ ಒಬರ್‌ಕಾಂಫ್ ಅಚ್ಚಿನ ಕಾರ್ಖಾನೆ ಹೂಡಿದ. ಪ್ರೊವಾನ್ಸಿನ ತರಾಸ್ಕೋನಿನಲ್ಲಿ ಹಳೆಯ ಮರದ ಅಚ್ಚುಗಳನ್ನು ಕಾಪಾಡಿ 1939ರಲ್ಲಿ ‘ಸೂಲೇಯಾದೋ’ ಎಂಬ ಹೆಸರಿನಲ್ಲಿ ಬಟ್ಟೆ ಹೊರತಂದವರು ಶಾರ್ಲ್ ದೆಮೆರಿ. ನ್ಯೂಯಾರ್ಕಿನ ಆ ಅಂಗಡಿ ಮಾರಿದ್ದು ಇದನ್ನೇ.

ಕನ್ನಡದ ಅಜ್ಜಿಯರು ‘ಚೀಟಿ ಬಟ್ಟೆ’ ಅನ್ನುತ್ತಿದ್ದದ್ದು ಈ ಬಟ್ಟೆಯ ನೇರ ಬಳಗ. ಆದ್ದರಿಂದ ಕಳಮೇಶ್ವರದ ಮನೆಯೊಂದು ಫ್ರೆಂಚ್ ಹಳ್ಳಿಯ ಮೇಜುಹಾಸು ಬೇಕೆಂದು ವಿದೇಶಿ ಅಂಗಡಿ ಹುಡುಕುವುದು ತವರಿನ ಸೀರೆಯನ್ನು ಊರೆಲ್ಲ ಸುತ್ತಿಸಿ ಕೊಂಡಂತೆ. ಮಚಲಿಪಟ್ಟಣದ ಕಲಮಕಾರಿ ಅಚ್ಚಿನ ಬಟ್ಟೆ ಹತ್ತಿರದಲ್ಲೇ ಸಿಗುತ್ತದೆ. ನೆಲಕ್ಕೆ ನವಲಗುಂದದ ಜಮಖಾನೆ ಆಗುತ್ತದೆ. ಮಾರ್ಸೇಯ ಹೆಂಗಸರು ಎರಡು ಪದರ ಬಟ್ಟೆಯ ನಡುವೆ ಹತ್ತಿಯೆಳೆ ತುಂಬಿ ಹೊಲಿಯುವ ‘ಬೂತಿ’ ಹೊದಿಕೆ ಬಲು ದುಬಾರಿಯ ವಸ್ತು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಉತ್ತರ ಕರ್ನಾಟಕದ ಕೌದಿ, ಮಹಾರಾಷ್ಟ್ರದ ಗೋಧಡಿ ಅದರ ಪಕ್ಕ ತಲೆತಗ್ಗಿಸಬೇಕಾಗಿಲ್ಲ. ಕೌದಿಯಲ್ಲಿ ಒಂದು ಹೆಚ್ಚುಗಾರಿಕೆಯೂ ಇದೆ: ಅದಕ್ಕೆ ಹೊಸ ಬಟ್ಟೆ ಬೇಕಿಲ್ಲ.

ಬಟ್ಟೆ ಇಲ್ಲಿಂದ ಅಲ್ಲಿಗೆ ಹೋದರೆ ಹೆಂಚು ಅಲ್ಲಿಂದ ಇಲ್ಲಿಗೆ ಬಂತು. ಒಂದಕ್ಕೊಂದು ಕೊಂಡಿಯಂತೆ ಕಚ್ಚಿಕೊಳ್ಳುವ ಚಪ್ಪಟೆ ಹೆಂಚನ್ನು ರೂಪಿಸಿ 1841ರಲ್ಲಿ ಹಕ್ಕುಪತ್ರ ಪಡೆದವರು ಫ್ರಾನ್ಸಿನ ಆಲ್ಸಾಸ್ ಸೀಮೆಯ ಆಲ್ಟ್‌ಕಿರ್ಶ್ ಎಂಬ ಊರಿನ ಜಿಲಾರ್ದೋನಿ ಸಹೋದರರು. ನಾಡಹೆಂಚನ್ನು ಒಂದರ ಮೇಲೊಂದು ದಟ್ಟವಾಗಿ ಹೊದಿಸಬೇಕು, ವರ್ಷವರ್ಷ ಕೈಯಾಡಿಸಬೇಕು. ಈ ಹೆಂಚಿಗೆ ಕಡಿಮೆ ಮರ, ಕಡಿಮೆ ತೂಕ ಸಾಕು. ಮಾರ್ಸೇಯ ಕಾರ್ಖಾನೆಗಳು ಇದನ್ನು ಹಡಗು ತುಂಬಿ ಜಗತ್ತಿಗೆ ಕಳಿಸಿದವು. ಆಲ್ಟ್‌ಕಿರ್ಶ್‌ಗೆ ಸುಮಾರು 30 ಕಿ.ಮೀ. ದೂರದಲ್ಲಿರುವ ಬಾಸೆಲ್ ನಗರದ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅದರ ಹಿಂದೆ ಇದ್ದವರು ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿ ದಂಡೆಯ ಜೇಡಿಮಣ್ಣು ಅದಕ್ಕೆ ಒಗ್ಗಿತು. ಮಂಗಳೂರು ಹೆಂಚಿನ ಮನೆಯಲ್ಲಿ ಬೆಳೆದ ಕನ್ನಡಿಗರು ಫ್ರೆಂಚ್ ಹಳ್ಳಿಯ ಮಾಡಿನ ಕೆಳಗೇ ಬೆಳೆದಿದ್ದಾರೆ. ವಿದರ್ಭದಲ್ಲಿ ಹೆಂಚಿಗೆ ‘ಕವೇಲು’ ಅನ್ನುತ್ತಾರೆ. ಕಾಂಕ್ರೀಟಿನ ತಾರಸಿಯ ಮೇಲೆ ಮತ್ತೊಂದು ಕವೇಲಿನ ಮಾಡು ಎತ್ತಿದರೆ ನಡುವಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಅಲಂಕಾರಕ್ಕೆಂದು ಗೋಡೆಗೆ ಹೆಂಚು ಅಂಟಿಸುವವರಿಗೆ ಮಾತ್ರ ಅದರಿಂದ ಏನೂ ದಕ್ಕದು.

ಪ್ರೊವಾನ್ಸಿನ ತೋಟದ ಮನೆ ಉತ್ತರಕ್ಕೆ ಬೆನ್ನು ಹಾಕಿ ನಿಲ್ಲುತ್ತದೆ. ಅತ್ತಲಿಂದ ಮಿಸ್ತ್ರಾಲ್ ಎಂಬ ಕೊರೆಯುವ ಗಾಳಿ ಬೀಸುವುದರಿಂದ ಆ ಗೋಡೆಯಲ್ಲಿ ಕಿಟಕಿಯೇ ಇರುವುದು ಅಪರೂಪ. ಕಳಮೇಶ್ವರದ ಶತ್ರು ಪಶ್ಚಿಮದ ಬಿಸಿಗಾಳಿ. ಮೇ ತಿಂಗಳಲ್ಲಿ ನಾಗಪುರದ ಉಷ್ಣಾಂಶ 45 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ತಿಂಗಳ ಕೊನೆಗೆ ಶುರುವಾಗುವ ಒಂಬತ್ತು ದಿನಗಳಿಗೆ ‘ನೌತಪಾ’ ಎಂಬ ಹೆಸರೇ ಇದೆ. ಹಾಗಾಗಿ ಇಲ್ಲಿ ಬೆನ್ನು ಹಾಕಬೇಕಾದದ್ದು ಪಡುವಣಕ್ಕೆ. ಫ್ರೆಂಚ್ ಹಳ್ಳಿಯ ಮರದ ಕಿಟಕಿ ಬಾಗಿಲುಗಳು ಚಿತ್ರಕ್ಕಾಗಿ ಇರುವಂಥವಲ್ಲ. ಬಿಸಿಲೇರುವ ಮೊದಲೇ ಅವನ್ನು ಮುಚ್ಚಿ, ಸಂಜೆ ಗಾಳಿ ತಣಿದ ಮೇಲೆ ತೆರೆದು ರಾತ್ರಿಯಿಡೀ ಗೋಡೆ ತಂಪಾಗಲು ಬಿಡುತ್ತಾರೆ. ದಪ್ಪ ಗೋಡೆಯ ಮನೆಯಲ್ಲಿ ಈ ರೂಢಿಯೊಂದೇ ಮಧ್ಯಾಹ್ನದ ಸೆಕೆಯನ್ನು ಎಷ್ಟೋ ತಗ್ಗಿಸುತ್ತದೆ, ಅದಕ್ಕೆ ಖರ್ಚಿಲ್ಲ.

ಸುಣ್ಣವೂ ಹಾಗೆಯೇ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದನ್ನೇ ಮರಳಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಪ್ಲಾಸ್ಟಿಕ್ ಬಣ್ಣದಂತೆ ಅದು ಗೋಡೆಯ ಉಸಿರು ಕಟ್ಟಿಸುವುದಿಲ್ಲ, ಮಳೆಗಾಲದ ತೇವ ಹೊರಹೋಗುತ್ತದೆ. ‘ಹಳ್ಳಿ ಫ್ರೆಂಚ್ ಬಿಳಿ’ ಎಂಬ ಹೆಸರಿನ ಡಬ್ಬಿಗೆ ದುಡ್ಡು ಸುರಿಯುವುದಕ್ಕಿಂತ ಚಿಟಿಕೆ ನೀಲಿ ಬೆರೆಸಿದ ಸುಣ್ಣದ ಬಿಳಿ ಮೇಲು. ನೆಲಕ್ಕೆ ಸುಟ್ಟ ಮಣ್ಣಿನ ಬಿಲ್ಲೆ ಸಿಗದಿದ್ದರೆ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಇದೆ. ಮಹಾರಾಷ್ಟ್ರದ ಎಷ್ಟೋ ಹಳೆಯ ಮನೆಗಳ ನೆಲ ಅದೇ, ‘ಶಹಾಬಾದಿ ಫರ್ಶಿ’.

ತೋಟದ ಮಾತಿಗೆ ಬಂದರೆ ಲ್ಯಾವೆಂಡರನ್ನು ಮರೆಯುವುದು ಒಳ್ಳೆಯದು. ಅದು ನೀರು ನಿಲ್ಲದ ಸುಣ್ಣಕಲ್ಲಿನ ಎತ್ತರದ ನೆಲದ ಗಿಡ; ಭಾರತದಲ್ಲಿ ಅದು ಒಗ್ಗಿರುವುದು ಜಮ್ಮುವಿನ ಭದರವಾಹದಂಥ ಬೆಟ್ಟದೂರುಗಳಿಗೆ. ಕಳಮೇಶ್ವರದ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಅಂಟಾಗುತ್ತದೆ, ಬೇರು ಕೊಳೆಯುತ್ತದೆ. ಹಾಗಂತ ಪರಿಮಳಕ್ಕೆ ಬರವಿಲ್ಲ. ಪ್ರೊವಾನ್ಸಿನ ಅಡುಗೆ ಸೊಪ್ಪುಗಳ ಮಿಶ್ರಣದಲ್ಲಿ ಬರುವ ಮಾರ್ಜೋರಮ್ ಕನ್ನಡಿಗರ ಮರುಗವೇ. ಮೈಸೂರು ಸೀಮೆಯವರು ಅದನ್ನು ಹೂಮಾಲೆಗೆ ಸೇರಿಸುತ್ತಾರೆ, ಸಾರಿಗೆ ಹಾಕುವುದಿಲ್ಲ. ಫ್ರೆಂಚ್ ಅಡುಗೆಯ ಹೆಮ್ಮೆಯ ಟಾರಗಾನ್ ಮತ್ತು ದಕ್ಷಿಣ ಭಾರತದ ದವನ ಒಂದೇ ಆರ್ಟಿಮೀಸಿಯಾ ಕುಲದ ದಾಯಾದಿಗಳು. ದವನದ ಎಣ್ಣೆ ವಿದೇಶಿ ಸುಗಂಧ ತಯಾರಕರಿಗೆ ರಫ್ತಾಗುತ್ತದೆ. ಲಾವಂಚದ ಕತೆ ಇನ್ನೂ ಸೊಗಸು: ತಮಿಳಿನ ‘ವೆಟ್ಟಿವೇರ್’ ಫ್ರೆಂಚರ ಬಾಯಲ್ಲಿ ‘ವೆತಿವೇರ್’ ಆಗಿ, ಆ ಹೆಸರಿನಲ್ಲೇ ಜಗತ್ತಿನ ಸುಗಂಧದ ಅಂಗಡಿಗಳಲ್ಲಿ ಕೂತಿದೆ. ಫ್ರಾನ್ಸಿನಲ್ಲಿ ಸೀಸೆಯಲ್ಲಿ ಸಿಗುವ ಆ ವಾಸನೆ ಬೇಸಿಗೆಯ ನಾಗಪುರದಲ್ಲಿ ಒದ್ದೆ ಖಸ್‌ನ ಪರದೆಯಿಂದ, ಕೂಲರಿನ ಚಾಪೆಯಿಂದ ಬಿಟ್ಟಿಯಾಗಿ ಬರುತ್ತದೆ.

ಫ್ರೆಂಚರ ‘ಪೊತಾಜೆ’ ಅಂದರೆ ಸಾರಿನ ತೋಟ. ಹದಿನಾಲ್ಕನೆಯ ಲೂಯಿಗಾಗಿ ಲಾ ಕಾಂತಿನಿ 1678ರಿಂದ 1683ರ ನಡುವೆ ವರ್ಸೇಯಲ್ಲಿ ಮಾಡಿದ ಅರಸನ ತೋಟವೇ ಅದರ ದೊಡ್ಡ ಮಾದರಿ. ಅದರ ಸೂತ್ರ ಸರಳ: ಚೌಕ ಪಾತಿ, ನಡುವೆ ಕಾಲುದಾರಿ, ತರಕಾರಿಯ ಜೊತೆಗೇ ಹೂ, ಸೊಪ್ಪು. ಹತ್ತಡಿ ಹಿತ್ತಲಿನಲ್ಲೂ ಇದು ಸಾಧ್ಯ. ಚಪ್ಪರಕ್ಕೆ ಹೀರೆ, ಅವರೆ. ಅಂಚಿಗೆ ಚೆಂಡುಹೂವು, ಅದರ ಬೇರು ಮಣ್ಣಿನ ಜಂತುಹುಳುಗಳನ್ನು ತಗ್ಗಿಸುತ್ತದೆ. ಬಚ್ಚಲ ನೀರು ಹೋಗುವಲ್ಲಿ ಬಸಳೆ. ಮೂಲೆಗೆ ಕರಿಬೇವು, ನುಗ್ಗೆ. ಜೂನಿನ ಮಳೆಗೆ ಬೀಜ, ದೀಪಾವಳಿಯ ಮೇಲೆ ಮೆಂತ್ಯ, ಪಾಲಕ್, ಕೊತ್ತಂಬರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳುಬಲೆ ಹಾಕಿ ಇದ್ದುದನ್ನು ಉಳಿಸಿಕೊಂಡರೆ ಸಾಕು, ಹೊಸ ಸಾಹಸ ಬೇಡ.

ಫ್ರೆಂಚ್ ಹಳ್ಳಿ ಬದುಕಿನ ಬೆನ್ನೆಲುಬು ‘ತೆರ್ವಾರ್’ ಎಂಬ ಮಾತು: ಒಂದು ನೆಲದ ಮಣ್ಣು, ಹವೆ, ಕೈಗುಣ ಕೂಡಿ ಬರುವ ರುಚಿ. ರೋಕ್‌ಫೋರ್ ಚೀಸಿಗೆ 1925ರಲ್ಲಿ ಕಾನೂನಿನ ಕಾವಲು ಸಿಕ್ಕಿತು. 1935ರಲ್ಲಿ ವೈನುಗಳಿಗೆಂದು ಇಡೀ ದೇಶಕ್ಕೆ ಅನ್ವಯಿಸುವ ವ್ಯವಸ್ಥೆ ಬಂತು. ಭಾರತದ ಭೌಗೋಳಿಕ ಸೂಚಕ ಕಾಯಿದೆ 1999ರದು. ನಂಜನಗೂಡಿನ ರಸಬಾಳೆಯನ್ನು ಬೇರೆ ಕಡೆ ನೆಟ್ಟರೆ ಆ ರುಚಿ ಬರುವುದಿಲ್ಲವೆಂದು ಮೈಸೂರಿನವರಿಗೆ, ಮಟ್ಟುಗುಳ್ಳ ಮಟ್ಟು ಊರಿನದೇ ಆಗಬೇಕೆಂದು ಉಡುಪಿಯವರಿಗೆ ಕಾಯಿದೆ ಹೇಳಿಕೊಡಬೇಕಾಗಿರಲಿಲ್ಲ. ಕೊಡಗಿನ ಕಿತ್ತಳೆಯ ನಂತರ, 2014ರಲ್ಲಿ, ನಾಗಪುರದ ಕಿತ್ತಳೆಗೂ ಈ ಸೂಚಕ ದೊರೆಯಿತು.

ಕಳಮೇಶ್ವರ, ಕಾಟೋಲ್, ನರಖೇಡ್ ಭಾಗದ ತೋಟಗಳಲ್ಲಿ ಕಿತ್ತಳೆಯ ಕಣ್ಣನ್ನು ಜಂಬೇರಿ ನಿಂಬೆಯ ಸಸಿಗೆ ಕಸಿ ಕಟ್ಟುತ್ತಾರೆ. ಆರು ಮೀಟರಿಗೊಂದರಂತೆ ನೆಟ್ಟರೆ ಹೆಕ್ಟೇರಿಗೆ 277 ಗಿಡ. ಬೆಳೆ ಎರಡು. ಮಾವು ಹೂಬಿಡುವ ಹೊತ್ತಿಗೆ ಹೂವಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಣ್ಣಾಗುವುದು ಆಂಬಿಯಾ ಬಹಾರ. ಮೃಗಶಿರಾ ಮಳೆಗೆ, ಉತ್ತರ ಕರ್ನಾಟಕದವರ ಮಿರಗದ ಮಳೆಗೆ, ಹೂವಾಗಿ ಫೆಬ್ರುವರಿ, ಮಾರ್ಚಿನಲ್ಲಿ ಕೊಯ್ಲಿಗೆ ಬರುವುದು ಮೃಗ ಬಹಾರ. ಹೂ ಬರಿಸಲು ಮೊದಲು ಗಿಡಕ್ಕೆ ನೀರು ನಿಲ್ಲಿಸಿ ಎಲೆ ಬಾಡುವಂತೆ ಮಾಡುತ್ತಾರೆ. ಇದಕ್ಕೆ ಮರಾಠಿಯಲ್ಲಿ ‘ತಾಣ’ ಕೊಡುವುದು ಎನ್ನುತ್ತಾರೆ. ಕನ್ನಡದ ತಾಣವಲ್ಲ, ಬಿಗಿತ ಎಂಬ ಅರ್ಥದ್ದು. ನೀರು ಕಂಡ ಕೂಡಲೇ ದಣಿದ ಗಿಡ ಹೂ ಚೆಲ್ಲುತ್ತದೆ. ಪ್ರೊವಾನ್ಸಿನ ಹಳ್ಳಿಗರು ದ್ರಾಕ್ಷಿಯ ಬಗ್ಗೆ ಮಾತಾಡುವಷ್ಟೇ ಹೊತ್ತು ಇಲ್ಲಿಯವರು ಬಹಾರದ ಬಗ್ಗೆ ಮಾತಾಡಬಲ್ಲರು, ಅಷ್ಟೇ ಆತಂಕದಿಂದ ಕೂಡ. ಕೊಳೆರೋಗ, ಕಾಯಿ ಉದುರುವಿಕೆ, ಬಿದ್ದ ಬೆಲೆ ಇವೆಲ್ಲ ಆ ಮಾತಿನ ಭಾಗ.

ಕನಸಿನ ಚಿತ್ರದಲ್ಲಿ ಕಾಣದ್ದೂ ಅದೇ. ಫ್ರಾನ್ಸಿನ ರೈತರು 2024ರ ಜನವರಿಯಲ್ಲಿ ಟ್ರ್ಯಾಕ್ಟರುಗಳೊಡನೆ ಪ್ಯಾರಿಸ್ಸಿನ ಹೆದ್ದಾರಿಗಳನ್ನು ತಡೆದು ನಿಂತರು. ವಿದರ್ಭದ ಹತ್ತಿ ಬೆಳೆಗಾರರ ಸಾಲದ ಕತೆ ದೇಶಕ್ಕೇ ಗೊತ್ತು. ಹಳ್ಳಿಯ ಬದುಕು ನಿಧಾನದ್ದು, ನೆಮ್ಮದಿಯದ್ದು ಎನ್ನುವವರು ಸಾಮಾನ್ಯವಾಗಿ ಬೆಳೆ ಮಾರಿ ಬದುಕಬೇಕಾಗಿಲ್ಲದವರು. ಆ ಬದುಕನ್ನು ಎರವಲು ತರುವ ಮನೆ ಕನಿಷ್ಠ ಸಂತೆಯಲ್ಲಿ ಚೌಕಾಸಿ ಕಡಿಮೆ ಮಾಡಬಹುದು.

ಸಂತೆ ಅಂದರೆ ಮಹಾರಾಷ್ಟ್ರದಲ್ಲಿ ‘ಆಠವಡಿ ಬಾಜಾರ್’, ಎಂಟು ದಿನಕ್ಕೊಮ್ಮೆಯ ಪೇಟೆ. ಕನ್ನಡದಲ್ಲೂ ವಾರಕ್ಕೆ ಎಂಟು ದಿನವೆಂದೇ ಆಡುಮಾತಿನ ಲೆಕ್ಕ. ಫ್ರೆಂಚ್ ಹಳ್ಳಿಯ ಅಡುಗೆಯನ್ನು ನಿರ್ಧರಿಸುವುದು ಅಡುಗೆ ಪುಸ್ತಕವಲ್ಲ, ಆ ವಾರದ ಸಂತೆ. ಚೀಟಿ ಬರೆದುಕೊಂಡು ಹೋಗದೆ, ರಾಶಿ ದೊಡ್ಡದಿರುವುದನ್ನು ನೋಡಿ ಕೊಂಡರೆ ಅದೇ ಹಂಗಾಮಿನ ತರಕಾರಿ, ಅದೇ ಅಗ್ಗ. ಊಟವನ್ನು ಕುಳಿತು, ಕ್ರಮದಲ್ಲಿ, ಮಾತಾಡುತ್ತ ಉಣ್ಣುವ ಫ್ರೆಂಚರ ಪದ್ಧತಿಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2022ರಲ್ಲಿ ಅವರ ಬಾಗೆತ್ ರೊಟ್ಟಿಯ ಕಸುಬೂ ಸೇರಿತು. ಉಪ್ಪಿನಿಂದ ಶುರುವಾಗಿ ಕೋಸಂಬರಿ, ಪಲ್ಯ ಎಂದು ಬಾಳೆಯೆಲೆಯ ಮೇಲೆ ಜಾಗ ಗೊತ್ತುಮಾಡಿ ಬಡಿಸಿ ಮಜ್ಜಿಗೆಯಲ್ಲಿ ಮುಗಿಸುವ ಊಟವೂ ಅಷ್ಟೇ ಕಟ್ಟುನಿಟ್ಟಿನದು. ವಾರಕ್ಕೊಮ್ಮೆಯಾದರೂ ಮೊಬೈಲು ದೂರವಿಟ್ಟು ಹಾಗೆ ಕುಳಿತರೆ ಫ್ರೆಂಚ್ ಭಾನುವಾರದ ಅರ್ಧ ದಾರಿ ಸವೆದಂತೆ.

ಹಂಗಾಮನ್ನು ಡಬ್ಬಿಯಲ್ಲಿ ಹಿಡಿದಿಡುವುದು ಮುಂದಿನ ಕೆಲಸ. ಪ್ರೊವಾನ್ಸಿನ ಆಪ್ತ್ ಊರು ಸಕ್ಕರೆಪಾಕದ ಹಣ್ಣುಗಳಿಗೆ ಹೆಸರಾದದ್ದು. ನಾಗಪುರಕ್ಕೆ ಸಂತ್ರಾ ಬರ್ಫಿ ಇದೆ. ಮನೆಯಲ್ಲಿ ಕಿತ್ತಳೆಯ ಮುರಬ್ಬ ಕುದಿಸುವವರು ಒಂದು ಸಂಗತಿ ಗಮನಿಸಬೇಕು. ಪಾಕ ಗಟ್ಟಿಯಾಗುವುದು ಪೆಕ್ಟಿನ್ನಿಂದ, ಅದಿರುವುದು ಸಿಪ್ಪೆಯ ಒಳಬಿಳಿಯಲ್ಲಿ ಮತ್ತು ಬೀಜದಲ್ಲಿ. ನಾಗಪುರದ ಹಣ್ಣಿನ ಸಿಪ್ಪೆ ಸಡಿಲ, ತೆಳು. ಬಿಳಿ ಭಾಗ ಕಡಿಮೆ. ಆದ್ದರಿಂದ ಬೀಜಗಳನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಪಾಕದಲ್ಲೇ ಕುದಿಸಿ, ಹುಳಿಗೆ ನಿಂಬೆ ಹಿಂಡಬೇಕು. 105 ಡಿಗ್ರಿಯ ಹತ್ತಿರ ಬಂದಾಗ ಒಂದು ಹನಿಯನ್ನು ತಣ್ಣನೆಯ ತಟ್ಟೆಗೆ ಬಿಟ್ಟು ಬೆರಳಲ್ಲಿ ತಳ್ಳಿದರೆ ಸುಕ್ಕುಗಟ್ಟುತ್ತದೆ. ಕನ್ನಡದ ಮನೆಗಳಿಗೆ ಇದಕ್ಕಿಂತ ಹತ್ತಿರದ್ದು ಕಿತ್ತಳೆ ಸಿಪ್ಪೆಯ ಗೊಜ್ಜು: ಸಣ್ಣಗೆ ಹೆಚ್ಚಿದ ಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಸಿ ಕಹಿ ತೆಗೆದು, ಸಾಸಿವೆ, ಮೆಂತ್ಯ, ಇಂಗಿನ ಒಗ್ಗರಣೆಯಲ್ಲಿ ಬಾಡಿಸಿ, ಹುಣಸೆರಸ, ಬೆಲ್ಲ, ಸಾರಿನಪುಡಿ ಹಾಕಿ ಎಣ್ಣೆ ಬಿಡುವವರೆಗೆ ಕುದಿಸುವುದು. ಸಿಹಿ, ಹುಳಿ, ಖಾರದ ಕೆಳಗೆ ಉಳಿದುಕೊಳ್ಳುವ ಒಂದಿಷ್ಟು ಕಹಿಯೇ ಅದರ ಗುಣ.

ಕೊನೆಯದು ಹೊಲದ ಊಟ. ಹುಲ್ಲಿನ ಮೇಲೆ ಬಟ್ಟೆ ಹಾಸಿ ಉಣ್ಣುವುದನ್ನು ಫ್ರೆಂಚ್ ವರ್ಣಚಿತ್ರಗಳು ಜಗತ್ಪ್ರಸಿದ್ಧ ಮಾಡಿದವು. ಬೀದರ, ಕಲಬುರಗಿ, ವಿಜಯಪುರದ ಕಡೆ ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ ಆಮೇಲೆ ತಾವು ಉಣ್ಣುತ್ತಾರೆ. ಅದೇ ಚಳಿಗಾಲದಲ್ಲಿ ನಾಗಪುರದ ಸುತ್ತ ಹುರ್ಡಾ. ಉತ್ತರ ಕರ್ನಾಟಕದವರು ಅದನ್ನು ಸೀತನಿ ಎನ್ನುತ್ತಾರೆ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹೂತು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಚಟ್ನಿಯ ಜೊತೆ ತಿನ್ನುವುದು. ಆರಿದರೆ ಕಾಳು ಬಿಡಿಸಲು ಬರುವುದಿಲ್ಲ. ವಿದರ್ಭದ ಹೊಲಗಳಲ್ಲಿ ಜೋಳದ ಜಾಗವನ್ನು ಸೋಯಾ ಬಹುಮಟ್ಟಿಗೆ ನುಂಗಿರುವುದರಿಂದ ಈಗ ಹುರ್ಡಾಕ್ಕೆಂದೇ ತುಂಡು ಹೊಲ ಬಿತ್ತಿ, ನಗರದಿಂದ ಬಂದವರಿಗೆ ತಲೆಗಿಷ್ಟೆಂದು ಊಟ ಹಾಕುವ ತೋಟಗಳಿವೆ. ಫೆಬ್ರುವರಿಯ ಕೊನೆಗೆ ತೆನೆ ಬಲಿತು ಗಟ್ಟಿಯಾಗುತ್ತದೆ, ಕುಳ್ಳಿನ ಬೆಂಕಿ ಆರುತ್ತದೆ. ಆ ಹೊತ್ತಿಗೆ ಮೃಗ ಬಹಾರದ ಹಣ್ಣು ಸಂತೆಗೆ ಇಳಿದಿರುತ್ತದೆ.